ನೀರಿನ ಮನೆಯ ಗೋಡೆಗೆ ನಾನು ಬಿಡಿಸಿದ ಎಲೆ

ತನ್ನಾ ಎಂಬ ನಮ್ಮ ದ್ವೀಪದಲ್ಲಿ ಅಹಿಂಸೆಯ ಪಾಠ ಮಾಡಲು ಯಾರನ್ನು ಬೇಕಾದರೂ ಹುಡುಕಬಹುದಿತ್ತು. ಹಡಗುಕಟ್ಟೆಯಲ್ಲಿ ಮೂಟೆ ಹೊರುವವರು, ಆಡು ಕಾಯುವವರು, ಯಾರಾದರೂ ಆಗುತ್ತಿತ್ತು. ನಮ್ಮ ಶಾಲೆಯವರಿಗೆ ಸಿಕ್ಕಿದ್ದು ನಾನು. ವಿಷಯ ಹಂಚುವ ದಿನ ನಾನು ಹಲ್ಲುನೋವೆಂದು ರಜೆ ಹಾಕಿದ್ದೆ. ಮಾರನೆಯ ದಿನ ಹೋದರೆ ನನ್ನ ಹೆಸರಿನ ಮುಂದೆ ಸಮಾಜ, ಚಿತ್ರಕಲೆ, ಊರಿನ ಸುಧಾರಣೆ, ಅಹಿಂಸೆ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದು, ಅಳಿಸಬಾರದೆಂದು ಸುತ್ತ ಗೆರೆ ಎಳೆದಿದ್ದರು. ಮಿಕ್ಕ ಮೇಷ್ಟ್ರುಗಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು.

ಅವರು ನಕ್ಕಿದ್ದಕ್ಕೆ ಕಾರಣ ಇತ್ತು. ಆರು ವರ್ಷದ ಹಿಂದೆ ನಮ್ಮ ಕಡಲತೀರದ ಇಮಾರೌಗೂ ಗುಡ್ಡದ ಮೇಲಿನ ಲೊವಮೆಲ್‌ಗೂ ಫುಟ್‌ಬಾಲ್ ಪಂದ್ಯ ನಡೆಯಿತು. ಓದಿದವನು, ನಿಷ್ಪಕ್ಷಪಾತಿ ಎಂದು ಸೀಟಿಯನ್ನು ನನ್ನ ಕೊರಳಿಗೆ ಹಾಕಿದರು. ಲೊವಮೆಲ್‌ನ ಗೋಲು ಕಾಯುತ್ತಿದ್ದವನು ಯೌಕೊ, ನನ್ನ ಹೆಂಡತಿ ನವಾಯಿಯ ಅಣ್ಣ. ನಾನು ಒಂದು ಪೆನಾಲ್ಟಿ ಕೊಟ್ಟೆ. ಈಗ ಯೋಚಿಸಿದರೆ ಕೊಡಬಾರದಿತ್ತು. ಯೌಕೊ ಕುಣಿಯುತ್ತಾ ಬಂದು, "ಏನ್ ಭಾವ, ಸೀಟಿ ಊದೋಕೂ ಬರಲ್ಲ, ಸಂಸಾರ ನಡೆಸೋಕೂ ಬರಲ್ಲ, ನಿನ್ನನ್ನ ಮೇಷ್ಟ್ರು ಮಾಡಿದೋರು ಯಾರಪ್ಪಾ?" ಎಂದ. ಮೈದಾನದ ತುಂಬ ಜನ ಗೊಳ್ಳೆಂದರು. ಅವನು ಹಾಗೆ ಅನ್ನಬಹುದು, ಭಾವನಾದವನಿಗೆ ಆ ಸಲಿಗೆ ನಮ್ಮಲ್ಲಿ ಉಂಟು. ನಾನೂ ಒಂದು ಅಂದು ಮುಗಿಸಬಹುದಿತ್ತು. ನಾನು ಮಾತ್ರ ಮೂಲೆಯಲ್ಲಿ ನೆಟ್ಟಿದ್ದ ಬಾವುಟದ ಕೋಲನ್ನು ಕಿತ್ತು ಅವನ ಬಾಯಿಗೆ ಬೀಸಿದೆ. ಮೇಲಿನ ಸಾಲಿನ ಮುಂದಿನ ಹಲ್ಲೊಂದು ಹಾರಿ ಹುಲ್ಲಿನಲ್ಲಿ ಬಿತ್ತು. ಆಮೇಲೆ ಎರಡೂ ಊರಿನವರು ಸೇರಿ ನಾಲ್ಕು ದಿನ ಹೊಡೆದಾಡಿದರು. ಪಂದ್ಯ ನಡೆಸಬೇಕಾದ ತೀರ್ಪುಗಾರನೇ ಆಟಗಾರನಿಗೆ ಹೊಡೆದದ್ದು ದ್ವೀಪಕ್ಕೇ ಮೊದಲು ಎಂದು ಹೇಳುತ್ತಾರೆ. ಆ ಮಟ್ಟಿಗೆ ನಾನು ಹೆಸರುವಾಸಿ.

ಅಂದಿನಿಂದ ಯೌಕೊ ನನ್ನ ಹೊಸಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ನಾನು ಹಲಸಿನ ಮರವೋ ಎಂಬಂತೆ ಸುತ್ತಿ ಹೋಗುತ್ತಿದ್ದ. ನವಾಯಿ ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ತವರಿಗೆ ಒಬ್ಬಳೇ ಹೋಗಿ, ಹಬ್ಬ ಮುಗಿಸಿ ಮುಖ ಊದಿಸಿಕೊಂಡು ಬರುತ್ತಿದ್ದಳು. ಎರಡೂ ಊರಿಗೆ ಇದ್ದದ್ದು ಕೂಡುದಾರಿಯಲ್ಲಿನ ಒಂದೇ ನೀರಿನ ಮನೆ. ಗುಡ್ಡದ ಊಟೆಯಿಂದ ಕೊಳವೆಯಲ್ಲಿ ಬಂದ ನೀರು ಅಲ್ಲಿ ನಲ್ಲಿಗೆ ಬೀಳುತ್ತದೆ. ತಗಡಿನ ಮೇಲೆ ಹಿಡಿದ ಮಳೆನೀರು ನಮ್ಮಲ್ಲಿ ಉಪಯೋಗವಿಲ್ಲ, ಜ್ವಾಲಾಮುಖಿಯ ಬೂದಿ ಬಿದ್ದು ನಾಲಗೆಗೆ ತುಕ್ಕು ಮೊಳೆ ಚೀಪಿದ ರುಚಿ ಬರುತ್ತದೆ. ಆದ್ದರಿಂದ ಬೆಳಿಗ್ಗೆ ನಲ್ಲಿ ನಮ್ಮದು, ಮಧ್ಯಾಹ್ನದ ಮೇಲೆ ಅವರದು ಎಂದು ಪಾಲಾಗಿತ್ತು.

ಇಷ್ಟಾದರೂ ದಿನ ದೂಡಬಹುದಿತ್ತೋ ಏನೋ. ನನ್ನ ಮಗ ತುವಾನ್‌ಗೆ ಗಡ್ಡ ಬಂತು.

ನಮ್ಮಲ್ಲಿ ಹುಡುಗನ ಮೊದಲ ಗಡ್ಡಕ್ಕೆ ಕತ್ತಿ ಮುಟ್ಟಿಸುವುದು ಸೋದರಮಾವ. ಅಪ್ಪ ಅಲ್ಲ, ಹುಡುಗ ತಾನೇ ಅಂತೂ ಅಲ್ಲವೇ ಅಲ್ಲ. ಮಾವ ಬೋಳಿಸಿದ ಮೇಲೆಯೇ ಅವನು ಗಂಡಸು. ಅವತ್ತು ಊಟ, ಕುಣಿತ, ಚಾಪೆಗಳ ರಾಶಿ. ತುವಾನ್‌ನ ಜೊತೆಯವರೆಲ್ಲ ನುಣ್ಣಗೆ ತಿರುಗುತ್ತಿದ್ದರು. ಇವನಿಗೆ ಹದಿನೇಳಕ್ಕೆ ಗಲ್ಲದ ಕೆಳಗೆ ಆಡಿನ ಗಡ್ಡದಂಥದ್ದು ಇಳಿಬಿದ್ದಿತ್ತು, ಕೆನ್ನೆಯಲ್ಲಿ ಅಲ್ಲೊಂದು ಇಲ್ಲೊಂದು ಕುರುಚಲು. ತರಗತಿಯ ಹುಡುಗಿಯರು ಅವನನ್ನು ಕಂಡರೆ "ಮ್ಯಾ" ಅನ್ನುತ್ತಿದ್ದರು. ಮುಂದಿನ ತಿಂಗಳ ಹಡಗಿಗೆ ಅವನು ರಾಜಧಾನಿ ಪೋರ್ಟ್ ವಿಲಾಕ್ಕೆ ಹೋಗಬೇಕಿತ್ತು, ದೋಣಿಯ ಎಂಜಿನ್ ರಿಪೇರಿ ಕಲಿಯಲು ಎರಡು ವರ್ಷ.

"ಅಪ್ಪ, ಈ ಮುಖ ಹೊತ್ಕೊಂಡು ಹಡಗು ಹತ್ತಲ್ಲ ನಾನು. ಅಲ್ಲಿರೋ ನಮ್ಮ ದ್ವೀಪದೋರು ನೋಡಿದ ತಕ್ಷಣ ಕೇಳ್ತಾರೆ, ನಿನ್ನ ಮಾವ ಸತ್ತಿದ್ದಾನಾ ಅಂತ" ಎಂದ.

"ಇರಪ್ಪ. ಒಂದು ಯೋಜನೆ ಹಾಕಿದ್ದೀನಿ."

"ಯೋಜನೆ ಬೇಡಪ್ಪ. ಮಾವನ ಮನೆ ಬಾಗಿಲಿಗೆ ಹೋಗು. ಅರ್ಧ ಗಂಟೆ ದಾರಿ."

ಅರ್ಧ ಗಂಟೆಯ ಆ ದಾರಿಯನ್ನು ತಪ್ಪಿಸಿಕೊಳ್ಳಲು ನಾನು ಆರು ವರ್ಷದಲ್ಲಿ ಮಾಡಿದ ಕೆಲಸ ಒಂದೆರಡಲ್ಲ. ಮಕ್ಕಳ ಕೈಲಿ ಕೂಡುದಾರಿಯಲ್ಲಿ ಶಾಂತಿಯ ಬೆಂಚು ಕಟ್ಟಿಸಿದೆ. ಎರಡೂ ಊರಿನವರು ಅಕ್ಕಪಕ್ಕ ಕೂತು ಮಾತಾಡಲಿ ಎಂದು ನನ್ನ ಆಸೆ. ಅದರಲ್ಲಿ ಯಾರು ಮೊದಲು ಕೂರಬೇಕೆಂದೇ ಜಗಳವಾಗಿ ಒಂದು ಕಾಲು ಮುರಿಯಿತು. ಬೆಂಚಿನದು. ಆಮೇಲೆ ಎರಡು ಊರಿನ ಮಧ್ಯೆ ಬಿದಿರಿನ ಕಸದ ಬುಟ್ಟಿ ಇಡಿಸಿದೆ, ಅದರಲ್ಲಿ ಕೋಳಿಗಳು ಮೊಟ್ಟೆ ಇಟ್ಟು, ಮೊಟ್ಟೆ ಯಾರದೆಂದು ಮತ್ತೆ ಮಾತು ಬೆಳೆಯಿತು. ಸ್ನೇಹದ ಹಾಡು ಕಟ್ಟಿ ಮಕ್ಕಳ ಕೈಲಿ ಹಾಡಿಸಿದ್ದೂ ಉಂಟು. ಲೊವಮೆಲ್‌ನ ಮಕ್ಕಳು ನನ್ನ ರಾಗಕ್ಕೆ ಬೇರೆ ಮಾತು ಹಾಕಿ, ಹಲ್ಲು ಮುರಿದ ಮೇಷ್ಟ್ರ ಕತೆ ಹಾಡಿದರು. ನಿಜ ಹೇಳಬೇಕೆಂದರೆ ಅವರದೇ ಚೆನ್ನಾಗಿತ್ತು.

ಆ ಹೊತ್ತಿಗೆ ಶಿಕ್ಷಣ ಇಲಾಖೆಯಿಂದ ಕಾಗದ ಬಂತು. ಮಕ್ಕಳು ಊರಿನ ಒಂದು ಜಾಗವನ್ನು ಸುಧಾರಿಸಿ, ಎಲ್ಲರಿಗೂ ಕಾಣುವಂತೆ ಅಲ್ಲಿ ಅಹಿಂಸೆಯ ಚಿತ್ರ ಬಿಡಿಸಬೇಕು, ತಿಂಗಳ ಕೊನೆಗೆ ಒಬ್ಬ ಪರೀಕ್ಷಕರು ಬಂದು ನೋಡುತ್ತಾರೆ ಎಂದು. ನನಗೆ ಎರಡು ರೆಕ್ಕೆ ಬಂದವು. ನೀರಿನ ಮನೆಯನ್ನೇ ಆರಿಸಿದೆ. ಇದಾದರೆ ಎರಡೂ ಊರು ದಿನಾ ನೋಡುತ್ತವೆ, ಯೌಕೊ ಕೂಡ ನೋಡುತ್ತಾನೆ, ಮನಸ್ಸು ಕರಗುತ್ತದೆ, ಅವನೇ ಕತ್ತಿ ಹಿಡಿದು ಇಳಿದು ಬರುತ್ತಾನೆ, ನಾನು ಒಂದು ಮಾತೂ ಆಡಬೇಕಿಲ್ಲ. ಹೀಗೆ ಲೆಕ್ಕ ಹಾಕಿದ್ದೆ.

ಮಕ್ಕಳು ಬಿರುಸಾಗಿಯೇ ಕೆಲಸ ಮಾಡಿದರು. ನೀರಿನ ಮನೆಯ ಸುತ್ತ ಕೆಸರಾಗದಂತೆ ಹವಳದ ಕಲ್ಲು ಹಾಸಿದರು, ಸೋರುತ್ತಿದ್ದ ನಲ್ಲಿಗೆ ಹೊಸ ರಬ್ಬರು ಹಾಕಿದರು. ಗೋಡೆಗೆ ಏನು ಬಿಡಿಸುವುದೆಂದು ಕೇಳಿದಾಗ ಪಾರಿವಾಳ ಎಂದರು, ಕೈಕುಲುಕುವ ಎರಡು ಕೈ ಎಂದರು. ನಾನು ರಾಜಧಾನಿಯಲ್ಲಿ ನಾಲ್ಕು ವರ್ಷ ಓದಿ ಬಂದವನಲ್ಲವೇ, ಅವೆಲ್ಲ ಹಳಸಲು ಎಂದು ಮೂಗು ಮುರಿದೆ.

"ನಮ್ಮದೇ ಗುರುತು ಬೇಕು. ನಮೆಲೆ ಎಲೆ ಬಿಡಿಸೋಣ. ದೇಶದ ಬಾವುಟದಲ್ಲೇ ಇದೆ. ಶಾಂತಿಯ ಎಲೆ."

ಯಾತಿ ಎಂಬ ಹುಡುಗಿ ಕೈ ಎತ್ತಿದಳು. ಲೊವಮೆಲ್‌ನವಳು, ಯೌಕೊನ ಪಕ್ಕದ ಮನೆ. ನಾಲಗೆ ಬಲು ಚುರುಕು.

"ಸರ್, ಬಾವುಟದಲ್ಲಿ ಇರೋದು ಸರಿ. ನಲ್ಲಿ ಪಕ್ಕ ಬಿಡಿಸಿದ್ರೆ ಅದು..."

"ಯಾತಿ, ಕಲೆ ಬೇರೆ, ಊರಿನ ಕಟ್ಟಲೆ ಬೇರೆ. ಕೂತ್ಕೋ."

"ಕೂತ್ಕೊಂಡೇ ಇದ್ದೀನಿ ಸರ್" ಎಂದಳು.

ಮೂರು ದಿನ ಬಿಡಿಸಿದೆವು. ಬೂದಿ ಬಿದ್ದು ಹಸಿರು ಬಣ್ಣ ಎರಡು ಸಲ ಕೆಟ್ಟಿತು, ಒರೆಸಿ ಮತ್ತೆ ಬಳಿದೆವು. ನಲ್ಲಿಯ ಪಕ್ಕದಲ್ಲೇ ಆಳೆತ್ತರದ ಎಲೆ, ಈಚಲ ಗರಿಯ ಹಾಗೆ ನೆಟ್ಟಗೆ ನಿಂತದ್ದು. ಕೊನೆಗೆ ನೋಡಿದರೆ ಯಾಕೋ ಬೋಳುಬೋಳು ಅನ್ನಿಸಿತು. ನಾನೇ ಬ್ರಶ್ಶು ತೆಗೆದುಕೊಂಡು ತುದಿಯಲ್ಲಿ ಅಂದವಾಗಿ ಒಂದು ಗಂಟು ಹಾಕಿದೆ. ಹಿಂದೆ ನಿಂತಿದ್ದ ಯಾತಿ "ಅಯ್ಯೋ ದೇವರೇ" ಎಂದದ್ದು ಕೇಳಿಸಿತು. ನನ್ನ ಕೈಚಳಕಕ್ಕೆ ಬೆರಗಾದಳು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ನವಾಯಿ ಖಾಲಿ ಬಕೆಟ್ ತಂದು ನನ್ನ ಕಾಲ ಬಳಿ ದಡಾರೆಂದು ಕುಕ್ಕಿದಳು.

"ತಗೋ. ಇವತ್ತು ನಿನ್ನ ಚಿತ್ರ ಕುದಿಸಿ ಕುಡಿಯೋಣ."

"ಯಾಕೆ, ನಲ್ಲೀಲಿ ನೀರು ಬರ್ತಿಲ್ವಾ?"

"ನೀರು ಬರತ್ತೆ. ಹೋಗೋರು ಯಾರು? ಗಂಟು ಹಾಕಿದ ನಮೆಲೆ ಇಟ್ಟಿದ್ದೀಯಲ್ಲ, ಮುಟ್ಟಬೇಡಿ ಅಂತ!"

ಆಗ ನನಗೆ ತಲೆ ಗಿರ್ರೆಂದಿತು. ಇದು ನನಗೆ ಗೊತ್ತಿರದ ಸಂಗತಿಯೇ? ಹಾಲು ಕುಡಿಯುವ ಕೂಸಿಗೂ ಗೊತ್ತು. ತೋಟದ ದಾರಿಗೆ, ಕಡಲಿನ ಬಂಡೆಗೆ, ಜಗಳವಾದ ಜಾಗಕ್ಕೆ ಮುಖ್ಯಸ್ಥನು ಗಂಟಿನ ಎಲೆ ನೆಟ್ಟರೆ ಅಲ್ಲಿಗೆ ಯಾರೂ ಕಾಲಿಡುವಂತಿಲ್ಲ. ನಾನೇ ಹುಡುಗನಾಗಿದ್ದಾಗ ಅಂಥ ಎಲೆಯ ಆಚೆ ಬಿದ್ದ ಚೆಂಡನ್ನು ಒಂದು ತಿಂಗಳು ಬರೀ ನೋಡಿಕೊಂಡು ಕೂತಿದ್ದೆ. ಅಷ್ಟು ಗೊತ್ತಿದ್ದೂ, ಆಳೆತ್ತರದ ಎಲೆ ಬಿಡಿಸಿ, ಸಾಲದೆಂದು ಗಂಟನ್ನೂ ಹಾಕಿ, ಎರಡು ಊರಿನ ನೀರು ನಿಲ್ಲಿಸಿದ್ದೆ. ಊರಿನ ಸುಧಾರಣೆ!

ಹೆಂಗಸರೆಲ್ಲ ಒಂದು ಗಂಟೆ ನಡೆದು ಹೊಳೆಗೆ ಹೋಗಬೇಕಾಯಿತು. ಹೋಗುವಾಗ ನಮ್ಮ ಮನೆಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದರು. "ಮೇಷ್ಟ್ರು ಎದ್ರಾ? ಕಾಫಿ ಆಯ್ತಾ? ನೀರಿತ್ತಾ?" ಎಂದು ಒಬ್ಬೊಬ್ಬರೂ ವಿಚಾರಿಸಿದರು.

ಮಧ್ಯಾಹ್ನ ಸುಣ್ಣದ ಬಕೆಟ್ ಹಿಡಿದು ನೀರಿನ ಮನೆಗೆ ಓಡಿದೆ, ಬಳಿದು ಅಳಿಸಿಬಿಡೋಣವೆಂದು. ಮೂರು ಕಾಲಿನ ನನ್ನ ಶಾಂತಿ ಬೆಂಚಿನ ಮೇಲೆ ಮುದುಕ ನಲಾವ್ ಕೂತಿದ್ದ. ಎರಡೂ ಊರಿಗೆ ಹಿರಿಯ ಅವನೇ, ಎಲೆ ಇಡುವ ಹಕ್ಕೂ ಅವನದೇ. ಬೆಂಚು ವಾಲದಂತೆ ಒಂದು ಕಾಲನ್ನು ನೆಲಕ್ಕೆ ಊರಿಕೊಂಡು ಹಲ್ಲು ಕಡ್ಡಿ ಜಗಿಯುತ್ತಿದ್ದ.

"ಏನೋ ಅದು ಬಕೆಟ್‌ನಲ್ಲಿ?"

"ಸುಣ್ಣ, ತಾತ."

"ಇಟ್ಟ ಎಲೇನ ಸುಣ್ಣ ಬಳಿದು ಅಳಿಸ್ತೀಯಾ? ಹಾಗೆ ತೆಗೆದ್ರೆ ಆಮೇಲೆ ನನ್ನ ಎಲೆಗೆ ಈ ದ್ವೀಪದಲ್ಲಿ ಯಾವನು ಬೆಲೆ ಕೊಡ್ತಾನೆ?"

"ಇದು ನಿಜವಾದ ಎಲೆ ಅಲ್ಲ ತಾತ. ಚಿತ್ರ."

"ಹೌದಾ? ಹಾಗಾದ್ರೆ ನಲ್ಲಿ ಬಿಟ್ಟು ನೀರು ಕುಡಿ, ನೋಡೋಣ."

ನಾನು ನಲ್ಲಿಯತ್ತ ಎರಡು ಹೆಜ್ಜೆ ಇಟ್ಟೆ. ಎಲೆ ನನ್ನನ್ನೇ ನೋಡುತ್ತಿತ್ತು. ಬಿಡಿಸಿದವನು ನಾನು, ಬಣ್ಣ ಕಲಸಿದವನು ನಾನು, ಆದರೂ ಮೂರನೆಯ ಹೆಜ್ಜೆಗೆ ಕಾಲು ಏಳಲಿಲ್ಲ. ನಲಾವ್ ಹಲ್ಲು ಕಡ್ಡಿಯನ್ನು ಉಗುಳಿದ.

"ಯಾರ ಯಾರ ಮಧ್ಯೆ ಇಟ್ಟೆ ಈ ಎಲೇನ?"

"ಯಾರ ಮಧ್ಯೇನೂ ಇಲ್ಲ."

"ಎಲೆ ಅಂದ್ರೆ ಒಂದು ಜಗಳಕ್ಕೇ ಇಡೋದು. ಈ ಎರಡು ಊರಿನ ಮಧ್ಯೆ ಇರೋದು ಒಂದೇ ಜಗಳ. ನೀನಾಗಿ ಎಲೆ ಇಟ್ಟು, ಇತ್ಯರ್ಥ ಆಗೋವರೆಗೂ ಯಾರೂ ನೀರು ಮುಟ್ಟಬೇಡಿ ಅಂತ ಸಾರಿದ್ದೀಯ. ಭೇಷ್. ಆರು ವರ್ಷದಲ್ಲಿ ನೀನು ಮಾಡಿದ ಒಂದೇ ಒಳ್ಳೆ ಕೆಲಸ."

"ತಾತ, ನಾನು ಹಾಗೆ..."

"ಶುಕ್ರವಾರ ಹಂದಿ ತಗೊಂಡು ಬಾ. ಯೌಕೊಗೆ ನಾನು ಹೇಳಿ ಕಳಿಸ್ತೀನಿ" ಎಂದು ಎದ್ದ. ಅವನು ಎದ್ದ ಕೂಡಲೇ ಬೆಂಚು ಮಗುಚಿಕೊಂಡಿತು.

ಮನೆಯಲ್ಲಿದ್ದದ್ದು ಒಂದೇ ಹಂದಿ. ತುವಾನ್‌ನ ಗಡ್ಡದ ದಿನಕ್ಕೆಂದು ನವಾಯಿ ಮೂರು ವರ್ಷ ತೆಂಗಿನಕಾಯಿ ತಿನ್ನಿಸಿ ಸಾಕಿದ್ದು. ಅದನ್ನು ಹಲ್ಲಿನ ಜಗಳಕ್ಕೆ ಕೊಟ್ಟರೆ ಗಡ್ಡಕ್ಕೇನು ಕೊಡುವುದು? ನಾನು ತಲೆ ಕೆರೆದುಕೊಂಡೆ. ನವಾಯಿ ಮಾತ್ರ ಒಂದು ಕ್ಷಣವೂ ಯೋಚಿಸದೆ ಹಗ್ಗ ತಂದಳು.

"ನಮ್ಮಣ್ಣ ಮುಖ ತಿರುಗಿಸಿಕೊಂಡೇ ಇದ್ರೆ ಹತ್ತು ಹಂದಿ ಇಟ್ಕೊಂಡು ಏನ್ ಮಾಡ್ಲಿ?" ಎಂದಳು. ಹಗ್ಗ ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಆರು ವರ್ಷದಲ್ಲಿ ಅವಳು ನನ್ನೆದುರು ಅಣ್ಣನ ಹೆಸರಿನಲ್ಲಿ ಅತ್ತದ್ದು ಅದೇ ಮೊದಲು. ನನಗೆ ಬಹಳ ನಾಚಿಕೆಯಾಯಿತು.

ಶುಕ್ರವಾರ ಕೂಡುದಾರಿಯ ಆಲದ ಮರದಡಿ ಎರಡೂ ಊರು ಸೇರಿದವು. ನಮ್ಮ ಕಡೆ ಚಾಪೆಗಳು, ಅರೆದು ಮತ್ತಿಗೆ ಕುಡಿಯುವ ಕಾವಾ ಬೇರಿನ ಕಟ್ಟು, ಬಾಳೆಲೆಯಲ್ಲಿ ಬೆಂದ ಗೆಡ್ಡೆಯ ಲಾಪ್‌ಲಾಪ್, ಹಂದಿ. ಆ ಕಡೆ ಯೌಕೊ ತನ್ನವರೊಂದಿಗೆ ಬಂದು, ನನಗೆ ಬೆನ್ನು ಹಾಕಿ ಕೂತ. ಅವನ ಬೆನ್ನನ್ನು ನಾನು ಅಷ್ಟು ಹೊತ್ತು ನೋಡಿದ್ದೂ ಅದೇ ಮೊದಲು. ಕೂದಲು ನೆರೆಯುತ್ತಿತ್ತು. ಶಾಲೆಯ ಮಕ್ಕಳೂ ಬಂದು ಒಂದು ಪಕ್ಕ ನಿಂತಿದ್ದರು, ಅವರ ಯೋಜನೆಯಲ್ಲವೇ.

ನಮ್ಮಲ್ಲಿ ತಪ್ಪು ಮಾಡಿದವನೇ ಎಲ್ಲರೆದುರು ಹಂದಿಯ ತಲೆಗೆ ಕೊಡತಿಯಿಂದ ಒಂದೇ ಏಟು ಹಾಕಿ ಒಪ್ಪಿಸಬೇಕು. ನಾನು ಕೊಡತಿ ಎತ್ತಿಕೊಳ್ಳುತ್ತಿದ್ದಂತೆ ಯಾತಿಯ ಪಿಸುಮಾತು ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು.

"ಸರ್, ವರದಿಯಲ್ಲಿ ಇದನ್ನ ಅಹಿಂಸೆ ಅಂತ ಬರೀಬೇಕಾ, ಊರಿನ ಸುಧಾರಣೆ ಅಂತ ಬರೀಬೇಕಾ?"

ಬಾವುಟದ ಕೋಲಿನ ನಂತರ ನಾನು ಯಾವ ಕೋಲನ್ನೂ ಬೀಸಿದವನಲ್ಲ. ಹಂದಿ ನನ್ನನ್ನು ನೋಡಿತು, ಮೂರು ವರ್ಷ ದಿನಾ ಸಂಜೆ ನೋಡಿದ ಹಾಗೆ, ತೆಂಗಿನಕಾಯಿ ಎಲ್ಲಿ ಎಂಬಂತೆ. ಕಣ್ಣು ಮುಚ್ಚಿ ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಏಟು ಬಿದ್ದದ್ದು ಗೂಟಕ್ಕೆ. ಗೂಟ ಕಿತ್ತು ಬಂತು, ಹಂದಿ ಕಿರ್ರೆಂದು ಕೂಗಿ, ಲಾಪ್‌ಲಾಪ್ ತುಳಿದು, ಚಾಪೆಗಳ ಮೇಲೆ ಹಾದು, ನೀರಿನ ಮನೆಯ ಪಕ್ಕದಿಂದ, ನನ್ನ ಆಳೆತ್ತರದ ಎಲೆಗೆ ಮೈ ಉಜ್ಜಿಕೊಂಡು, ಹಗ್ಗ ಎಳೆಯುತ್ತಾ ಲೊವಮೆಲ್‌ನ ಗುಡ್ಡ ಹತ್ತಿ ಮಾಯವಾಯಿತು.

ಇನ್ನೂರು ಜನರ ತಲೆ ಹಂದಿ ಹೋದ ಕಡೆ ತಿರುಗಿತು. ನಾನು ಕೊಡತಿ ಹಿಡಿದು ನಿಂತೇ ಇದ್ದೆ. ಆಗ ನನಗೆ ಬೆನ್ನು ಹಾಕಿ ಕೂತಿದ್ದವನ ಭುಜ ಅಲುಗಾಡಲು ಶುರುವಾಯಿತು. ಯೌಕೊ ತಿರುಗಿದ. ಕಣ್ಣಲ್ಲಿ ನೀರು, ಬಾಯಿ ಅಗಲಕ್ಕೆ ತೆರೆದಿದೆ, ಮೇಲಿನ ಸಾಲಿನಲ್ಲಿ ಆ ಖಾಲಿ ಜಾಗ.

"ಲೋ ಭಾವ! ಎದುರಿಗೆ ಕಟ್ಟಿ ಹಾಕಿದ ಹಂದಿಗೆ ಬೀಳದ ಏಟು ನನ್ನ ಬಾಯಿಗೆ ಮಾತ್ರ ಅಷ್ಟು ಸರಿಯಾಗಿ ಹೆಂಗೋ ಬಿತ್ತು?"

ಆರು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು. ಎರಡೂ ಊರು ಹೊಟ್ಟೆ ಹಿಡಿದುಕೊಂಡು ನಕ್ಕವು. ಹೆಂಗಸರು ನೆಲದ ಮೇಲೆ ಕೂತೇ ಬಿಟ್ಟರು. ನಾನೂ ನಕ್ಕೆ, ಬೇರೆ ದಾರಿ ಏನಿತ್ತು? ನಲಾವ್ ನಗು ಮುಗಿಯುವ ತನಕ ಕಾದು, ಹಂದಿ ತಾನಾಗಿಯೇ ಹೋಗಬೇಕಾದ ಊರಿಗೆ ಹೋಗಿದೆ, ಕೊಟ್ಟ ಹಾಗೇ ಆಯಿತು, ಎಲೆ ಇಬ್ಬರೂ ಸೇರಿ ತೆಗೆಯಲಿ ಎಂದ. ನನ್ನ ಸುಣ್ಣದ ಬಕೆಟ್ ಮತ್ತೆ ಬಂತು. ಬ್ರಶ್ಶು ಒಂದೇ ಇತ್ತು. ಇಬ್ಬರೂ ಅದನ್ನೇ ಹಿಡಿದು ಬಳಿದೆವು.

"ಮೇಲಿಂದ ಕೆಳಕ್ಕೆ ಎಳಿ. ಹಾಗಲ್ಲ. ಚಿತ್ರದ ಮೇಷ್ಟ್ರಂತೆ!" ಎಂದು ಯೌಕೊ ಗೊಣಗಿದ. ಮುಗಿದ ಮೇಲೆ ನಲ್ಲಿ ತಿರುಗಿಸಿ ಅವನು ಮೊದಲು ಕೈ ತೊಳೆದ, ಆಮೇಲೆ ನಾನು. ಹಿಂದೆ ಬಕೆಟ್‌ಗಳು ಸಾಲಾದವು.

ಸೋಮವಾರ ಪರೀಕ್ಷಕರು ಬಂದರು. ಬಿಳಿ ಗೋಡೆಯನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. "ಚಿತ್ರ ಎಲ್ಲಿ?" ಎಂದು ಕೇಳಿದರು. ಅಳಿಸಿದೆವು ಎಂದೆ. ಯಾಕೆಂದು ಕೇಳಿದ್ದಕ್ಕೆ ಶಾಂತಿಯಾಯಿತು ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ಕನಿಕರದಿಂದ ದಿಟ್ಟಿಸಿ, 'ಕಲೆ: ಇಲ್ಲ. ಗೋಡೆಗೆ ಸುಣ್ಣ ಬಳಿಯಲಾಗಿದೆ' ಎಂದು ಬರೆದುಕೊಂಡು ಜೀಪು ಹತ್ತಿದರು. ದ್ವೀಪದ ಒಂಬತ್ತು ಶಾಲೆಗಳಲ್ಲಿ ನಮ್ಮದು ಒಂಬತ್ತನೆಯದು.

ಆದರೆ ತುವಾನ್‌ನ ಗಡ್ಡ ಇನ್ನೂ ಹಾಗೆಯೇ ಇತ್ತು. ಹಡಗಿಗೆ ಐದು ದಿನ. ಯೌಕೊ ದಾರಿಯಲ್ಲಿ ಸಿಕ್ಕರೆ ನನ್ನನ್ನು ನೋಡಿ ನಗುತ್ತಿದ್ದ, ಹಂದಿ ಅವನ ತೋಟದ ಎರಡು ಸಾಲು ಗೆಣಸು ತಿಂದದ್ದನ್ನು ಹೇಳುತ್ತಿದ್ದ, ಗಡ್ಡದ ಮಾತು ಮಾತ್ರ ಎತ್ತುತ್ತಿರಲಿಲ್ಲ. ತುವಾನ್ ನನ್ನನ್ನು ಕೇಳುವುದನ್ನೂ ಬಿಟ್ಟ. ಊಟಕ್ಕೆ ಕೂತಾಗ ಆ ಕಡೆ ತಿರುಗಿ ಕೂರುತ್ತಿದ್ದ. ಅದನ್ನು ನೋಡಲಾಗದೆ ಬುಧವಾರ ಬೆಳಿಗ್ಗೆ ಎದ್ದು, ಯಾವ ಯೋಜನೆಯೂ ಇಲ್ಲದೆ, ಬರಿಗೈಯಲ್ಲಿ ಆ ಅರ್ಧ ಗಂಟೆಯ ದಾರಿ ಹಿಡಿದೆ. ಹಿಂದೆ ನವಾಯಿ, ಅವಳ ಹಿಂದೆ ತುವಾನ್.

ಯೌಕೊ ಅಂಗಳದಲ್ಲಿ ಕೂತು ಗೆಣಸಿನ ಮಣ್ಣು ಕೆರೆಯುತ್ತಿದ್ದ. ಬೇಲಿಯ ಒಳಗೆ ನಮ್ಮ ಹಂದಿ ಮೊದಲಿಗಿಂತ ದಪ್ಪವಾಗಿ ನಿಂತಿತ್ತು. ನಮ್ಮನ್ನು ಕಂಡು ಅವನು ಒಳಗೆ ಹೋಗಿ, ಒಂದು ಬಟ್ಟೆಯ ಗಂಟು ತಂದು ಬಿಚ್ಚಿದ. ಕ್ಷೌರದ ಕತ್ತಿ. ಎಣ್ಣೆ ಸವರಿ ಸವರಿ ಫಳಫಳ ಹೊಳೆಯುತ್ತಿತ್ತು.

"ಇವನಿಗೆ ಮೀಸೆ ಚಿಗುರಿದ ವರ್ಷ ತಂದಿಟ್ಟಿದ್ದು" ಎಂದು ತಂಗಿಗೆ ಹೇಳಿದ. "ಮೂರು ವರ್ಷ ಮಸೆದಿದ್ದೀನಿ. ಬಾರೋ, ಕೂತ್ಕೋ."

ತುವಾನ್ ಕೊರಡಿನ ಮೇಲೆ ಕೂತ. ಯೌಕೊ ಅವನ ಗಲ್ಲ ಎತ್ತಿ ಹಿಡಿದು, ತೆಂಗಿನ ಹಾಲು ಸವರಿ, ಕತ್ತಿಯನ್ನು ಕೆನ್ನೆಗೆ ತಂದ. ತಂದವನು ಅಲ್ಲೇ ನಿಲ್ಲಿಸಿದ.

"ಮೊದಲು ನಿಮ್ಮಪ್ಪ ಒಂದು ಮಾತು ಹೇಳಲಿ."

"ಹಂದಿ ಕೊಟ್ಟೆನಲ್ಲ ಭಾವ" ಎಂದೆ.

"ಹಂದಿ ಅದಾಗೇ ಬಂತು. ಬೆಂಚು ಮಾಡಿಸಿದೆ, ಬುಟ್ಟಿ ಇಡಿಸಿದೆ, ಹಾಡು ಹಾಡಿಸಿದೆ, ಗೋಡೆ ಬಳಿದೆ. ಶುಕ್ರವಾರಾನೂ ನಿನ್ನ ಪರವಾಗಿ ನಲಾವ್ ತಾತಾನೇ ಮಾತಾಡಿದ. ಆರು ವರ್ಷದಿಂದ ಕಾಯ್ತಿದ್ದೀನಿ ಕಣೋ, ನಿನ್ನ ಬಾಯಿಂದ ಒಂದು ಮಾತಿಗೆ."

ನಾನು ಗಂಟಲು ಸರಿಮಾಡಿಕೊಂಡೆ. "ನೋಡು ಭಾವ, ಯಾವುದೇ ಸಮುದಾಯದಲ್ಲಿ ಭಿನ್ನಾಭಿಪ್ರಾಯ ಬರೋದು ಸಹಜ. ಅಂಥ ಸಂದರ್ಭದಲ್ಲಿ ನಾವೆಲ್ಲರೂ..."

"ಅಪ್ಪಾ!" ಎಂದು ತುವಾನ್ ಕತ್ತಿಯ ಕೆಳಗಿನಿಂದಲೇ ಅರಚಿದ.

ನವಾಯಿ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ತರಗತಿಯಲ್ಲಿ ಒಂದು ಗಂಟೆ ಕೊಟ್ಟರೆ ಎರಡು ಗಂಟೆ ಮಾತಾಡಿದವನು ನಾನು. ಈ ಒಂದು ಮಾತು ನಾಲಗೆಯ ಹಿಂದೆ ಗೆಣಸಿನ ತುಂಡಿನಂತೆ ಸಿಕ್ಕಿಕೊಂಡಿತ್ತು.

"ತಪ್ಪಾಯ್ತು ಭಾವ" ಎಂದೆ. "ಪೆನಾಲ್ಟಿಯೂ ತಪ್ಪು. ನೀನು ತಮಾಷೆ ಮಾಡಿದೆ, ನಾನು ಹೊಡೆದೆ. ನಾನೇ ಹೊಡೆದದ್ದು."

ಯೌಕೊ ಕತ್ತಿಯನ್ನು ಬಟ್ಟೆಗೆ ಒರೆಸಿದ. ಆಮೇಲೆ, "ಪೆನಾಲ್ಟೀನೂ ತಪ್ಪು ಅಂದ್ಯಲ್ಲ, ಅದು ಸಾಕು. ಹಲ್ಲು ಹೋದ್ರೆ ಹೋಗ್ಲಿ" ಎಂದು ಮೂಗು ಎಳೆದುಕೊಂಡು, ಕತ್ತಿಯನ್ನು ಕೆನ್ನೆಗೆ ಇಟ್ಟ.

ಗಲ್ಲದ ಹತ್ತಿರ ಒಂದು ಕಡೆ ಚರ್ಮ ಕಿತ್ತು ರಕ್ತ ಬಂತು. ನಾನು ಹಾರಿ ಏಳಲು ಹೋದೆ, ನವಾಯಿ ನನ್ನ ಅಂಗಿ ಹಿಡಿದು ಕೂರಿಸಿದಳು. ಕೂದಲೆಲ್ಲ ಬಾಳೆಲೆಯ ಮೇಲೆ ಬಿತ್ತು. ಯೌಕೊ ಒದ್ದೆ ಬಟ್ಟೆಯಿಂದ ಹುಡುಗನ ಮುಖ ಒರೆಸಿ ನಮ್ಮ ಕಡೆ ತಿರುಗಿಸಿದ. ಗಲ್ಲದ ಮಧ್ಯೆ ಒಂದು ಸಣ್ಣ ಕುಳಿ ಇತ್ತು. ಗಡ್ಡ ಬಂದಾಗಿನಿಂದ ಮುಚ್ಚಿಹೋಗಿತ್ತು. ಅದಕ್ಕೂ ಮೊದಲು ಹದಿನಾಲ್ಕು ವರ್ಷ ನನ್ನ ಕಣ್ಣೆದುರೇ ಇತ್ತು, ನಾನು ಗಮನಿಸಿರಲಿಲ್ಲ.

ಯೌಕೊ ತನ್ನ ಹೆಬ್ಬೆರಳನ್ನು ಆ ಕುಳಿಯಲ್ಲಿ ಒತ್ತಿದ. ಇನ್ನೊಂದು ಕೈಯಿಂದ ತನ್ನ ಗಲ್ಲವನ್ನು ಮುಟ್ಟಿಕೊಂಡ. ಅಲ್ಲೂ ಅಂಥದ್ದೇ ಒಂದು.

"ನೋಡೇ ನವಾಯಿ," ಎಂದ, "ಅಮ್ಮನ ಗಲ್ಲ. ಅಮ್ಮ ಎಲ್ಲೂ ಹೋಗಿಲ್ಲ, ಇಲ್ಲೇ ಇದ್ದಾಳೆ."

ನವಾಯಿ ಅಣ್ಣನ ಭುಜಕ್ಕೆ ಹಣೆ ಹಚ್ಚಿ ಅತ್ತಳು. ತುವಾನ್ ಮುಖ ಮುಟ್ಟಿ ಮುಟ್ಟಿ ನೋಡಿಕೊಂಡ. ನಾನು ಎದ್ದು ಹೋಗಿ ಬೇಲಿಯ ಹತ್ತಿರ ಹಂದಿಗೆ ಬೆನ್ನು ಹಾಕಿ ನಿಂತು, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡೆ.